ಕಣ್ಣೀರಿನ ಚೀಲದ ಉದ್ದ ಹೆಸರು

ಅವ್ವನ ಎಡಗಣ್ಣು ಎರಡು ವರ್ಷದಿಂದ ಸುರಿಯುತ್ತಲೇ ಇತ್ತು. ನಮ್ಮೂರು ನಾಲವಾರದಲ್ಲಿ ಯಾರ ಮದುವೆಗೆ ಹೋದರೂ "ಯಾಕ ಅಳಾಕತ್ತೀದಿ ಬೇ?" ಎಂದು ಕೇಳುವವರೇ. ಅವಳು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು.

ಕಲಬುರಗಿಯ ಕಣ್ಣಿನ ಡಾಕ್ಟರಮ್ಮ ಆಪರೇಷನ್ ಆಗಬೇಕೆಂದು ಚೀಟಿಯಲ್ಲಿ ಒಂದು ಹೆಸರು ಬರೆದುಕೊಟ್ಟರು. ನಾನು ಚಿತ್ತಾಪುರದ ಕಚೇರಿಯೊಂದರಲ್ಲಿ ದಿನವೂ ಇಂಗ್ಲಿಷ್ ಕಾಗದ ಓದುವವಳು. ಆದರೂ ಅದನ್ನು ಓದಹೋಗಿ ಅರ್ಧಕ್ಕೇ ನಾಲಿಗೆ ತೊಡರಿತು.

ಅವ್ವ ಎದ್ದು ನಿಂತಳು. "ಹೆಸರೇ ಹೇಳಾಕ ಬರದಂಥ ಕೆಲಸ ನನ್ನ ಮಾರಿ ಮ್ಯಾಲ ಮಾಡಸ್ಕೊಳ್ಳಂಗಿಲ್ಲ ನಾ."

"ಆಕಿಗಿ ಓದು ಬರಂಗಿಲ್ರಿ," ಎಂದೆ ನಾನು, ತಪ್ಪು ಒಪ್ಪಿಕೊಳ್ಳುವವಳಂತೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಕುಂದ್ರಿ ಅವ್ವಾರ. ಇದು ನಾಕು ಮಾತು ಜೋಡ್ಸಿದ್ದು. ಡ್ಯಾಕ್ರಿಯೊ ಅಂದ್ರ ಕಣ್ಣೀರು. ಸಿಸ್ಟೊ, ಚೀಲ. ರೈನೊ, ಮೂಗು. ಸ್ಟಮಿ ಅಂದ್ರ ಬಾಯಿ ತೆಗಿಯೋದು. ಕಣ್ಣೀರಿನ ಚೀಲದಿಂದ ಮೂಗಿಗಿ ಹೋಗೋ ದಾರಿ ಕಟ್ಟ್ಯಾದ. ಹೊಸದೊಂದು ಬಾಯಿ ತೆಗೀತೀನಿ."

"ಕಣ್ಣೀರು ಮೂಗಿಗಿ ಹೋಗ್ತದೇನ್ರಿ?"

"ಎಲ್ಲಾರ್ದೂ ಹೋಗ್ತದ. ಅದಕ್ಕೇ ಅತ್ತಾಗ ಮೂಗು ಸೋರ್ತದ."

"ಖರೇ ನೋಡು," ಎಂದು ಅವ್ವ ಕುಳಿತಳು. ಡಾಕ್ಟರು ಇಡೀ ಹೆಸರನ್ನು ಎರಡು ಸಲ ನಿಧಾನವಾಗಿ ಹೇಳಿದರು.

ಮರಳುವಾಗ ರೈಲಿನಲ್ಲಿ ಅವ್ವ ಹೆಬ್ಬೆರಳಿನಿಂದ ಗೆಣ್ಣು ಮುಟ್ಟುತ್ತ ಶುರು ಮಾಡಿದಳು. ಡ್ಯಾಕ್, ರಿ, ಯೊ. ಸಿಸ್, ಟೊ, ರೈ. ನಾಸ್, ಟ, ಮಿ. ಮೂರು ಬೆರಳಿಗೆ ಸರಿಯಾಯಿತು. ನಾನು "ರೈನೋಸ್ಟಮಿ" ಅಂದಾಗ ತಡೆದಳು. "ನೋ ಅಲ್ಲ, ನಾಸ್. ಆಕಿ ಬಾಯಿ ಅಗಲ ಮಾಡಿ ಅಂದ್ಳು." ಚೀಟಿ ನೋಡಿದೆ, ಅಲ್ಲಿ ನನ್ನ ಓದೇ ಸರಿ ಅನ್ನಿಸುವಂತಿತ್ತು. ಆದರೆ ಕೇಳಿಸಿಕೊಂಡವಳು ಅವಳು. ಬೀಸುವ ಹಾಡುಗಳನ್ನೆಲ್ಲ ಹಾಗೆಯೇ ಕಲಿತವಳು. ಶಹಾಬಾದ್ ದಾಟಿ ವಾಡಿ ಬರುವಷ್ಟರಲ್ಲಿ ಅವಳಿಗೆ ಬಂದಿತ್ತು, ನನಗಿನ್ನೂ ಇಲ್ಲ.

ಆಸ್ಪತ್ರೆಗೆ ಭರ್ತಿಯಾಗುವ ದಿನ ಕೌಂಟರಿನವನು "ಯಾವ ಆಪರೇಷನ್?" ಎಂದ. ರೂಢಿಯಂತೆ ನಾನು ಬಾಯಿ ತೆರೆಯುವುದರೊಳಗೆ ಅವ್ವ ಮುಂದೆ ಸರಿದಳು.

"ಡ್ಯಾಕ್ರಿಯೊಸಿಸ್ಟೊರೈನಾಸ್ಟಮಿ. ಎಡಗಣ್ಣು."

ಅವನು ಕಂಪ್ಯೂಟರಿನಿಂದ ತಲೆ ಎತ್ತಿದ. "ಏನಂದ್ರಿ?"

ಅವ್ವ ಇನ್ನೊಮ್ಮೆ ಹೇಳಿದಳು, ಅವನಿಗೆ ಬರೆದುಕೊಳ್ಳಲು ಅನುಕೂಲವಾಗುವಷ್ಟು ನಿಧಾನವಾಗಿ.

ಬ್ಯಾಂಕು, ರೇಷನ್ ಅಂಗಡಿ, ಎಲ್ಲ ಕಡೆ ಅವಳ ಮಾತನ್ನು ನಾನೇ ಆಡುತ್ತಿದ್ದೆ. ಹಾಗೆ ಆಡು ಎಂದು ಅವಳು ಯಾವತ್ತೂ ಕೇಳಿರಲಿಲ್ಲ. ಅದು ನನಗೆ ಹೊಳೆದದ್ದು ಆ ಸಾಲಿನಲ್ಲಿ ನಿಂತಾಗ.

ಆಪರೇಷನ್ ಸುಸೂತ್ರವಾಯಿತು. ಕಣ್ಣು ಸೋರುವುದು ನಿಂತಿತು. ಹೊಲಿಗೆ ಬಿಚ್ಚಿಸಲು ಹೋದಾಗ ನಾನು ಹೊರಗೇ ಕುಳಿತೆ, ಅವ್ವ ಒಬ್ಬಳೇ ಒಳಗೆ ಹೋದಳು. ಭಾಳ ಹೊತ್ತಿನ ಮೇಲೆ ಬಂದು ಹೇಳಿದಳು:

"ಮೂಗು ಜೋರಲೆ ಸೀಟಬ್ಯಾಡ ಅಂದ್ರು. ನೆಗಡಿ ಬಂದ್ರ ಹ್ಯಾಂಗ್ರಿ ಅಂತ ನಾನೇ ಕೇಳ್ದೆ."