ಸ್ವಾಮಿಗಳ ಕ್ಯಾರಿಯರ್ ಹೊತ್ತ ಸಿಸ್ಟರಮ್ಮ

ಸಿಸ್ಟರಮ್ಮನ ಹಣೆಯ ಮೇಲೆ, ಬಿಳಿ ಮುಸುಕಿನ ಅಂಚಿಗೆ ತಗುಲಿದಂತೆ, ಕಡಲೆಕಾಯಿ ಗಾತ್ರದ ಒಂದು ಗಂಟಿತ್ತು. ನಮ್ಮ ಹಾಸ್ಟೆಲಿನ ಅಡಿಗೆಮನೆಯ ಬಾಗಿಲು ಗಿಡ್ಡ, ಅವರು ಉದ್ದ. ಒಳಗೆ ಬರುವಾಗಲೆಲ್ಲ ಬಾಗಿಲ ಮೇಲಿನ ಅಡ್ಡಮರಕ್ಕೆ ತಲೆ ಹೊಡೆಸಿಕೊಂಡು “ಯೇಸುವೇ” ಅನ್ನುತ್ತಿದ್ದರು. ಸೊಪ್ಪು ಬಿಡಿಸಲು ಕೂತ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು.

“ವಸಿ ಬಗ್ಗಿ ಬರಬಾರ್ದಾ ಸಿಸ್ಟರಮ್ಮ? ಬಾಗ್ಲು ಒಡೆದೋದ್ರೆ ಯಾರ್ ಕಟ್ಟಿಸ್ಕೊಡ್ತಾರೆ?” ಎಂದು ನಾನು ಬೈಯುತ್ತಿದ್ದೆ.

“ನನ್ನ ತಲೆಯ ಚಿಂತೆ ಇಲ್ಲ ನಿಮಗೆ, ಬಾಗಿಲಿನದ್ದು ಉಂಟು. ಒಳ್ಳೆ ಅಜ್ಜಿ ಮಾರಾಯ್ತಿ ನೀವು” ಎನ್ನುತ್ತಿದ್ದರು. ಮಂಗಳೂರು ಕಡೆಯವರು. ನನಗಿನ್ನೂ ಐವತ್ತು ತುಂಬಿರಲಿಲ್ಲ. ಮೊಮ್ಮಗಳು ಜೊತೆಗಿದ್ದಳೆಂದು ಬಂದ ದಿನವೇ ನನ್ನನ್ನು ಅಜ್ಜಿ ಮಾಡಿದರು. ಆಮೇಲೆ ಎಲ್ಲರಿಗೂ ಅದೇ ಹೆಸರಾಯಿತು.

ನಾನು ಅರಕೆರೆಯವಳು, ಗೌಡರ ಪೈಕಿ. ಮೂರನೇ ಕ್ಲಾಸಿಗೆ ಓದು ಬಿಟ್ಟವಳು. ಗಂಡ ಸತ್ತ, ಮಗಳೂ ಸತ್ತಳು, ಅವಳ ಮಗು ನನ್ನ ಕೈಯಲ್ಲುಳಿಯಿತು. ಪಾಂಡವಪುರದಾಚೆ ಚರ್ಚಿನವರ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡಿಗೆ ಕೆಲಸ ಸಿಕ್ಕಿತು. ಮೊಮ್ಮಗಳು ಅಲ್ಲೇ ಓದಿದಳು. ತೊಂಬತ್ತರ ದಶಕದ ಶುರುವಿನ ಮಾತು ಇದು.

ಆ ಚರ್ಚಿನ ಗುರುಗಳನ್ನು ಊರವರೆಲ್ಲ ಸ್ವಾಮಿಗಳು ಎಂದೇ ಕರೆಯುತ್ತಿದ್ದರು. ಮಧ್ಯಾಹ್ನ ಅವರ ಊಟ ನನ್ನ ಒಲೆಯಿಂದಲೇ ಹೋಗಬೇಕು. ಕ್ಯಾರಿಯರಿನಲ್ಲಿ ಹಾಕಿಕೊಟ್ಟರೆ ಹಾಸ್ಟೆಲಿನ ಒಂದು ಹುಡುಗಿ ಅವರ ಬಂಗಲೆಗೆ ಒಯ್ದು, ಬಡಿಸಿ, ತಟ್ಟೆ ತೊಳೆದು ಬರಬೇಕು. ಯಾರ ಮಗಳನ್ನು ಕಳಿಸಿದರೋ ಆ ಮನೆಯವರು ಹಿಗ್ಗಿಹೋಗುತ್ತಿದ್ದರು. ಹಬ್ಬಕ್ಕೆ ಬಂದ ತಾಯಂದಿರು “ಸಾಮ್ಗೋಳು ನನ್ ಮಗೀನೇ ಕೇಳಿ ಕರುಸ್ಕೊಂಡ್ರಂತೆ ಕಣಕ್ಕ” ಎಂದು ಬೀಗುತ್ತಿದ್ದರು. ಕಿರಿಸ್ತಾನರಿಗೂ ಅದು ಪುಣ್ಯ, ನಮ್ಮವರಿಗೂ ಪುಣ್ಯ. ದೇವರ ಕೆಲಸದವರು ಮಗುವನ್ನು ಕರೆದರೆ ಯಾಕೆಂದು ಕೇಳುವ ರೂಢಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಸಿಸ್ಟರಮ್ಮ ಬಂದ ವಾರದಲ್ಲೇ ಆ ಕ್ಯಾರಿಯರನ್ನು ಹುಡುಗಿಯ ಕೈಯಿಂದ ತೆಗೆದುಕೊಂಡರು.

“ನಾನು ಕೊಟ್ಟು ಬರ್ತೇನೆ.”

“ನೀವ್ಯಾಕ್ ಸಿಸ್ಟರಮ್ಮ? ಮಕ್ಳವ್ರಲ್ಲ.”

“ಮಕ್ಕಳು ಓದ್ಲಿಕ್ಕೆ ಬಂದದ್ದು ಅಜ್ಜಿ. ದೊಡ್ಡವರ ಕೋಣೆಗೆ ಒಂದು ಮಗು ಒಬ್ಬಳೇ ಹೋಗುವುದು ಬೇಡ. ಯಾರ ಕೋಣೆಯೇ ಆಗಲಿ. ನನ್ನದೂ ಸೇರಿ.”

ಹೇಳಿದ್ದಷ್ಟೇ ಅಲ್ಲ, ಬಡಗಿಯನ್ನು ಕರೆಸಿ ತಮ್ಮ ಆಫೀಸು ಕೋಣೆಯ ಕದವನ್ನೇ ಕೀಳಿಸಿದರು. ಬಡಗಿ ಕದ ಹೊತ್ತುಕೊಂಡು ಅಡಿಗೆಮನೆಗೆ ಬಂದು, “ಕದ ಇಲ್ಲ ಅಂತ ಅಳೋರ್ನ ಕಂಡಿವ್ನಿ, ಇರೋ ಕದ ಕೀಳ್ಸೋರ್ನ ಕಾಣ್ನಿಲ್ಲ ಕಣವ್ವ. ಈ ಯಮ್ಮಂಗೆ ತಲೆ ನೆಟ್ಗೈತಾ?” ಎಂದ. ನೆಟ್ಟಗೇ ಇತ್ತು. ಕೋಣೆಯೊಳಗೆ ನಡೆಯುತ್ತಿದ್ದ ಜ್ಞಾನೋಪದೇಶದ ಪಾಠ ಜಗಲಿಗೆ ಬಂತು. ಹುಡುಗಿಯರನ್ನು ಕೂರಿಸಿಕೊಂಡು, “ಯಾರಾದರೂ ಮುಟ್ಟಿದ್ದು ಬೇಡ ಅನ್ನಿಸಿದರೆ ಜೋರಾಗಿ ಕೂಗಿ. ಮರ್ಯಾದೆ ಎಲ್ಲ ಆಮೇಲೆ” ಎಂದು ಹೇಳಿಕೊಟ್ಟರು. ಈಗ ಚರ್ಚುಗಳಲ್ಲಿ ಇಂಥ ನಿಯಮಗಳನ್ನೆಲ್ಲ ಬೋರ್ಡಿನಲ್ಲಿ ಬರೆದು ಹಾಕುತ್ತಾರಂತೆ. ಆಗ ಬೋರ್ಡು ಎಂದರೆ ಅವರೊಬ್ಬರೇ.

ಮೆಚ್ಚಿದವರು ಕಡಿಮೆ. ಮಕ್ಕಳ ಪುಣ್ಯ ಕಿತ್ತುಕೊಂಡಳು ಎಂದರು, ಸ್ವಾಮಿಗಳ ಮೇಲೆ ಹೊಟ್ಟೆಕಿಚ್ಚು ಎಂದರು. ಅವರ ಮೇಲಿನ ಹಿರಿಯ ಸಿಸ್ಟರು, ನಾವು ಮದರ್ ಎನ್ನುತ್ತಿದ್ದವರು, ಮುಖ ಗಂಟು ಹಾಕಿಕೊಂಡರು. ಸಿಸ್ಟರಮ್ಮ ಬಿಸಿಲಲ್ಲಿ ಕ್ಯಾರಿಯರ್ ಹಿಡಿದು ಹೋಗಿ, ಬಂಗಲೆಯ ಮೆಟ್ಟಿಲ ಮೇಲಿಟ್ಟು, ಗಂಟೆ ಬಾರಿಸಿ ವಾಪಸು ಬರುತ್ತಿದ್ದರು.

ಅವರೆಕಾಯಿ ಕಾಲದಲ್ಲಿ ಅವರು ವರ್ಷದ ಧ್ಯಾನಕ್ಕೆಂದು ಒಂದು ವಾರ ಬೇರೆ ಊರಿಗೆ ಹೋಗಬೇಕಾಯಿತು. ಮಕ್ಕಳ ಕೈಯಲ್ಲಿ ಕ್ಯಾರಿಯರ್ ಕಳಿಸಬೇಡಿ ಎಂದು ಹೋಗುವಾಗ ಮದರ್‌ಗೆ ಹೇಳಿದರು, ನನ್ನೆದುರಿಗೇ ಹೇಳಿದರು. ಅವರ ಬಸ್ಸು ಹೋದ ಮಾರನೆಯ ದಿನವೇ ಮದರ್, “ಹಳೇ ಪದ್ಧತಿ ಹಾಗೇ ನಡೀಲಿ” ಎಂದು ಹೊಣಕೆರೆಯ ಹುಡುಗಿಯ ಕೈಗೆ ಕ್ಯಾರಿಯರ್ ಕೊಟ್ಟರು. ನಾನೇ ಒಯ್ಯುತ್ತೇನೆ ಎಂದೆ. “ನಿನ್ನ ಕೆಲಸ ಒಲೆ ಮುಂದೆ” ಎಂದರು.

ಆ ಮಗುವಿಗೆ ಹನ್ನೊಂದೋ ಹನ್ನೆರಡೋ. ಬಾಯಿ ತುಂಬ ಮಾತಿನವಳು. ವಾರ ಮುಗಿಯುವ ಹೊತ್ತಿಗೆ ಮಾತು ನಿಂತಿತ್ತು, ಊಟ ನಿಂತಿತ್ತು. ಒರಳುಕಲ್ಲಿನ ಹಿಂದೆ ಹೋಗಿ ಮುದುರಿಕೊಂಡು ಕೂರುತ್ತಿದ್ದಳು. ನಾನು ಕೇಳಿದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು.

ಸಿಸ್ಟರಮ್ಮ ಬಂದವರು ಬಟ್ಟೆಯ ಚೀಲ ಕೂಡ ಇಳಿಸದೆ ಅವಳನ್ನು ನೋಡಿದರು. ಏನಾಯಿತೆಂದು ಕೇಳಲಿಲ್ಲ. ನೆನೆಸಿದ ಅವರೆಕಾಳಿನ ಪಾತ್ರೆ ಎಳೆದುಕೊಂಡು ಒರಳಿನ ಪಕ್ಕ ನೆಲಕ್ಕೆ ಕೂತು, ಕಾಳು ಹಿಸುಕತೊಡಗಿದರು. ಅಭ್ಯಾಸವಿಲ್ಲದ ಕೈ, ಬೇಳೆ ಚಿಮ್ಮಿ ಅಡಿಗೆಮನೆ ತುಂಬ ಹಾರುತ್ತಿತ್ತು. ತುಂಬ ಹೊತ್ತಾದ ಮೇಲೆ ಆ ಮಗುವೂ ಕೈ ಹಾಕಿತು. ಆಮೇಲೆ ಪಿಸುಗುಟ್ಟಿತು. ನಾನು ಒಲೆಯ ಕಡೆ ತಿರುಗಿಕೊಂಡೆ. ಮಗು ಹೇಳಿದ್ದು ನನಗೆ ಪೂರ್ತಿ ಕೇಳಿಸಲಿಲ್ಲ, ಕೇಳಿಸಿದ್ದನ್ನು ಹೇಳುವುದೂ ಇಲ್ಲ. ಸಿಸ್ಟರಮ್ಮ ಹೇಳಿದ್ದು ಕೇಳಿಸಿತು. “ನಾನು ನಂಬ್ತೇನೆ ಮಗಾ. ನಿನ್ನದೆಂತದೂ ತಪ್ಪಿಲ್ಲ. ನಾನು ನಂಬ್ತೇನೆ.”

ಮಗುವಿನ ಅಪ್ಪನನ್ನು ಕರೆಸಿದರು. ಪೊಲೀಸರ ಹತ್ತಿರ ಹೋಗೋಣ, ನಾನು ಜೊತೆಗೆ ಬರುತ್ತೇನೆ ಎಂದರು. ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ.

“ಸುಮ್ಕಿರಿ ಸಿಸ್ಟರಮ್ಮ, ಕಾಲಿಗ್ ಬೀಳ್ತೀನಿ. ಟೇಸನ್ ಮೆಟ್ಲು ಅತ್ತುದ್ರೆ ನಾಗಮಂಗ್ಲಕ್ಕೆಲ್ಲಾ ಗೊತ್ತಾಯ್ತದೆ. ನಾಳೀಕೆ ಇವ್ಳ್ನ ಯಾರ್ ಮದ್ವೆ ಆಯ್ತಾರೆ?”

“ಮದುವೆ ಮಾತು ಈಗ ಯಾಕಪ್ಪ? ಮಗು ಊಟ ಮಾಡ್ತಾ ಇಲ್ಲ.”

ಅವನು ಮಗಳ ಟ್ರಂಕು ಹೊತ್ತುಕೊಂಡು ಹೊರಟೇಹೋದ.

ಸಿಸ್ಟರಮ್ಮ ಬಿಷಪ್ ಸ್ವಾಮಿಗಳ ಮನೆಗೆ ಬಸ್ಸು ಹತ್ತಿದರು. ಬಂದು ನನ್ನ ಒಲೆ ಮುಂದೆ ಕೂತರು.

“ಏನಂದ್ರು?”

“ಧರ್ಮಸಭೆಯ ಮಾನ ಹೋಗುತ್ತದಂತೆ. ಪ್ರಾರ್ಥನೆ ಮಾಡ್ಬೇಕಂತೆ.”

“ನೀವೇನಂದ್ರಿ?”

“ಅವರನ್ನು ಮಕ್ಕಳಿಂದ ದೂರ ಇಡಿ, ಎಲ್ಲ ಹಾಸ್ಟೆಲಿಗೂ ಒಂದು ಕಾನೂನು ಮಾಡಿ ಅಂದೆ. ಟೀ ಕೊಟ್ಟರು ಅಜ್ಜಿ. ಕುಡಿಲಿಕ್ಕೆ ಆಗ್ಲಿಲ್ಲ.”

ಕೆಲವು ತಿಂಗಳ ಮೇಲೆ ಸ್ವಾಮಿಗಳಿಗೆ ವರ್ಗವಾಯಿತು. ಹೂವಿನ ಹಾರ ಹಾಕಿ ಕಳಿಸಿದರು. ಗೆದ್ದರಲ್ಲ ಎಂದು ನಾನು ಸಿಸ್ಟರಮ್ಮನಿಗೆ ಹೇಳಲು ಹೋದರೆ ಅವರು ಗೋಡೆಗೆ ಒರಗಿ ನೆಲದ ಮೇಲೆ ಕುಸಿದಿದ್ದರು. ಹೊಸ ಊರಿನಲ್ಲೂ ಹಾಸ್ಟೆಲಿದೆಯಂತೆ. ಅಲ್ಲೂ ಬಂಗಲೆಗೆ ಮಕ್ಕಳೇ ಊಟ ಒಯ್ಯುತ್ತಾರಂತೆ.

ಮುಂದಿನ ಭಾನುವಾರವೇ ಆ ಊರಿಗೆ ಹೋದರು. ಪೂಜೆ ಮುಗಿಸಿ ಹೊರಬಂದ ತಾಯಂದಿರನ್ನು ಚರ್ಚಿನ ಗೇಟಿನಲ್ಲಿ ನಿಲ್ಲಿಸಿಕೊಂಡು, ಮಕ್ಕಳನ್ನು ಒಬ್ಬೊಬ್ಬರೇ ಬಂಗಲೆಗೆ ಕಳಿಸಬೇಡಿ ಎಂದು ಹೇಳಿದರು. ಮಾರನೆಯ ಭಾನುವಾರವೂ ಹೋದರು. ಹಿರಿಯರ ಮಾತು ಮೀರಿದಳೆಂದು ಅವರನ್ನು ವಯಸ್ಸಾದ ಸಿಸ್ಟರುಗಳ ಮನೆಗೆ, ಸೇವೆಗೆಂದು ಹಾಕಿದರು. ಸ್ವಾಮಿಗಳು ಮಕ್ಕಳ ನಡುವೆಯೇ ಇದ್ದರು. ಮಕ್ಕಳ ಹತ್ತಿರ ಬಿಡಬಾರದೆಂದು ತೀರ್ಮಾನವಾದದ್ದು ಇವರನ್ನು.

ನಾನು ವರ್ಷಕ್ಕೊಂದೆರಡು ಸಲ ಹೋಗಿ ನೋಡಿ ಬರುತ್ತಿದ್ದೆ. ಮೈ ಇಳಿಯುತ್ತ ಬಂತು. ಆ ಒಂದು ವಾರ ಹೋಗಬಾರದಿತ್ತು ಎನ್ನುವುದನ್ನು ಬಿಟ್ಟರೆ ಬೇರೆ ಮಾತಿರಲಿಲ್ಲ. “ನೀವೇನ್ ಕನಸು ಕಂಡಿದ್ರಾ? ಬುಡಿ” ಎಂದು ಗದರುತ್ತಿದ್ದೆ. ಬಿಡಲಿಲ್ಲ. ತೊಂಬತ್ತರ ದಶಕ ಮುಗಿಯುವ ಮೊದಲೇ ಎದೆನೋವಿನಲ್ಲಿ ಹೋದರು.

ನನ್ನ ಮೊಮ್ಮಗಳು ಆ ಹಾಸ್ಟೆಲಿನಲ್ಲಿ ಬೆಳೆದು, ನಗುನಗುತ್ತಲೇ ಹೊರಗೆ ಬಂದಳು. ದೇವರು ಕಾದ ಎನ್ನುವವರು ಎನ್ನಲಿ. ಕಾದದ್ದು ಯಾರೆಂದು ನನಗೆ ಗೊತ್ತು. ಆ ಉಪಕಾರಕ್ಕೆ ನಾನು ಮಾಡಿದ್ದು ಇಷ್ಟೇ: ಹೊಣಕೆರೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಆ ಮನೆಗೆ ಸಾವಿನ ಸುದ್ದಿ ಮುಟ್ಟಿಸಿದೆ.

ಅಪ್ಪನ ಜೊತೆ ಆ ಹುಡುಗಿಯೂ ಬಂದಳು. ಆತುರಾತುರವಾಗಿ ಕೆ.ಆರ್.ಪೇಟೆ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಸೊಂಟದಲ್ಲಿ ಒಂದು ಹೆಣ್ಣುಕೂಸು. ಅವಳು ಇನ್ನೂ ಅಷ್ಟೇ ಸಣಕಲು. ಕಿರಿಸ್ತಾನರಲ್ಲಿ ಗುಂಡಿಗೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಬಿಷಪ್ ಮನೆಯಿಂದ ಬಂದ ಗುರುಗಳು, ಮದರ್, ಎಲ್ಲರೂ ಹಾಕಿದರು. ಕೊನೆಗೆ ಇವಳು ಮಣ್ಣು ಹಿಡಿದು ನಿಂತಳು, ಹಾಕಲಿಲ್ಲ.

“ಈ ಯಮ್ಮ ನನ್ ಮಾತ ನಂಬಿದ್ರು” ಎಂದಳು. ಅಪ್ಪ ತೋಳು ಹಿಡಿದು ಎಳೆದ. ಅವಳು ಬಿಡಿಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದಳು: “ಇವ್ರೊಬ್ರೇ ನಂಬಿದ್ರು.”

ಗುರುಗಳು ಪ್ರಾರ್ಥನೆ ಮುಂದುವರಿಸಿದರು. ಮದರ್ ನೆಲ ನೋಡಿದರು. ಯಾರೋ, ಪಾಪ, ದುಃಖಕ್ಕೆ ಹೀಗಾಡುತ್ತಾಳೆ ಎಂದು ಒಂದು ಲೋಟ ನೀರು ತಂದುಕೊಟ್ಟರು. ಯಾವ ಮಾತನ್ನು ನಂಬಿದರಮ್ಮ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ.