ಕುಕ್ಕರ್ ಕೂಗದ ಸಂಜೆ

ನಮ್ಮ ಮನೆಯ ಪ್ರೆಶರ್ ಕುಕ್ಕರ್ ಮಂಗಳೂರಿನಿಂದ ನನ್ನೊಡನೆ ವಿಮಾನವೇರಿ ಬಂದದ್ದು. ಹ್ಯಾರೋದ ಅಂಚಿನ ಈ ಮೌನಪ್ರಿಯ ಇಂಗ್ಲಿಷ್ ಬೀದಿಯಲ್ಲಿ ಅದರಷ್ಟು ನಿಸ್ಸಂಕೋಚವಾಗಿ ಬಾಯಿಬಿಡುವವರು ಬೇರಾರೂ ಇಲ್ಲ. ಆ ಸೀಟಿ ಗೋಡೆ ದಾಟಿ ಯಾರ ಕಿವಿಗೆ ಬೀಳುತ್ತದೆಂದು ನಾನು ಯೋಚಿಸಿದ್ದು, ನಿಮ್ಮಲ್ಲಿ ಹೇಳಲೇನು ಸಂಕೋಚ, ತೊಂಬತ್ತರ ದಶಕದ ಕೊನೆಯ ಒಂದು ಜೂನ್ ಸಂಜೆಯಷ್ಟೇ.

ಆ ವರ್ಷ ಹಿತ್ತಿಲ ಬೇಲಿಯಾಚೆಯ ಹುಲ್ಲುಗಾವಲಿನಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಅದರಾಚೆಯ ಹೊಲಗಳಲ್ಲಿ ಬೇಟೆಯ ಬಂದೂಕು. ನಡುವೆ ಸಿಕ್ಕ ಮಂಟ್‌ಜಾಕ್‌ಗಳು, ನಮ್ಮೂರ ಕಾಡುಕುರಿಯ ನೆಂಟರಾದ ಆ ಗಿಡ್ಡ ಜಿಂಕೆಗಳು, ನಮ್ಮ ಹಿತ್ತಿಲುಗಳನ್ನೇ ಕಾಡೆಂದು ಒಪ್ಪಿಕೊಂಡಿದ್ದವು. ಅಂದು ಒಣಗಿದ ಬಟ್ಟೆ ತೆಗೆಯಲು ಹೋದರೆ ಪೊದೆಯಡಿ ಒಂದು ಮರಿ: ಮೈತುಂಬ ಬಿಳಿ ಚುಕ್ಕಿ, ಒದ್ದೆ ಮೂಗು, ಉಸಿರೊಂದೇ ಅಲುಗಾಟ.

"ಮಮ್ಮಿ, ಕ್ಯಾನ್ ವೀ ಕೀಪ್ ಇಟ್?" ಎಂದಳು ಪುಟ್ಟ ಮಗಳು. ಹಾಲು ತರಲು ಹೊರಟವಳನ್ನು ಪಕ್ಕದ ಮನೆಯ ಅಜ್ಜಿ ಡೊರೀನ್ ಬೇಲಿಯ ಮೇಲಿಂದಲೇ ತಡೆದರು. "ಮುಟ್ಟಬೇಡ, ಡಿಯರ್. ತಾಯಿ ಬಚ್ಚಿಟ್ಟು ಮೇಯಲು ಹೋಗಿದ್ದಾಳೆ. ಸದ್ದಡಗಿದರೆ ಬರುತ್ತಾಳೆ." ಆಮೇಲೆ ನನಗಷ್ಟೇ ಕೇಳುವಂತೆ ದನಿ ತಗ್ಗಿಸಿ, "ಬದುಕಿದ್ದರೆ. ಬೆಳಿಗ್ಗೆ ಹೊಲದ ಕಡೆ ಗುಂಡು ಹಾರಿತ್ತು."

ಕೆಲಸದಿಂದ ಬಂದ ನನ್ನವರು ಇಣುಕಿ ನೋಡಿ, "ಊರಲ್ಲಾದ್ರೆ ಇದರ ಅಮ್ಮ ಇಷ್ಟೊತ್ತಿಗೆ ಪಾಲಾಗಿ ನಾಲ್ಕು ಮನೆಯ ಪಾತ್ರೆಯಲ್ಲಿರ್ತಿತ್ತು ಮಾರಾಯ್ತಿ" ಎಂದರು.

"ಸುಮ್ಮನಿರಿ ಮಾರಾಯ್ರೆ, ಮಗು ಕೇಳ್ತದೆ!" ಎಂದೆ. ಯಾವ ಮಗುವೆಂದು ನನಗೇ ತಿಳಿಯಲಿಲ್ಲ. ಬೇಟೆಯ ಪಾಲಿನ ರುಚಿ ನನ್ನ ನಾಲಗೆಗೂ ಗೊತ್ತು. ಬಂದೂಕಿನವರನ್ನು ಬೈಯಲು ಬಾಯಿ ಬರಲಿಲ್ಲ.

ಅಂದು ಕುಕ್ಕರ್ ಇಡಲಿಲ್ಲ. ಬ್ರೆಡ್ಡು ಬೆಣ್ಣೆಯಲ್ಲೇ ಊಟ. ನಮ್ಮ ಕ್ರೈಸ್ತ ಮನೆಯಲ್ಲಿ ದಿನವೂ ಗಟ್ಟಿಯಾಗಿ ಹಾಡಿ ಮುಗಿಸುವ ಜಪಸರದ ಪ್ರಾರ್ಥನೆಯನ್ನು ದೀಪ ಹಚ್ಚದೆ ಪಿಸುದನಿಯಲ್ಲಿ ಹೇಳಿದೆವು. ಪ್ರಾರ್ಥನೆಯ ಬಳಿಕ ನಮ್ಮ ರೂಢಿಯಂತೆ ಹಿರಿಯರ ಆಶೀರ್ವಾದ ಬೇಡಲು ಕೈ ಜೋಡಿಸಿದ ಮಗಳು, ಆ ಜೋಡಿಸಿದ ಕೈಗಳನ್ನೇ ಕಿಟಕಿಯತ್ತ ತಿರುಗಿಸಿದಳು.

ಬೇಲಿಯ ಸಂದಿನಲ್ಲಿ ತಾಯಿ ನಿಂತಿದ್ದಳು, ಒಂದು ಮುಂಗಾಲನ್ನು ನೆಲಕ್ಕೂರದೆ, ನಮ್ಮ ಮನೆಯ ಮೌನವನ್ನು ಪರೀಕ್ಷಿಸುತ್ತ. ನಂಬಿಕೆ ಬಂತೇನೋ, ಒಳಬಂದಳು. ಮರಿ ನಡುಗುವ ಕಾಲುಗಳ ಮೇಲೆದ್ದು ಮೊಲೆಗೆ ಬಾಯಿಟ್ಟಿತು. ಪಕ್ಕದ ಮನೆಯಲ್ಲೂ ಟೀವಿ ಆರಿತ್ತು. ಕತ್ತಲ ಕಿಟಕಿಯಲ್ಲಿ ಡೊರೀನ್ ಕೈಯೆತ್ತಿದರು.

"ಅವೂ ಇಲ್ಲಿಯವಲ್ಲ, ಗೊತ್ತೇ?" ಎಂದರು ಮರುದಿನ. "ಯಾರೋ ಚೀನಾದಿಂದ ತಂದಿದ್ದರು. ಇರಲಿ ಬಿಡು, ಒಗ್ಗಿಕೊಂಡಿವೆಯಲ್ಲ."

ಆಗ ನಾಚುತ್ತ ಕೇಳಿದೆ, ನಮ್ಮ ಕುಕ್ಕರ್ ನಿಮಗೆ ತೊಂದರೆಯೇ ಎಂದು. ಅವರು ನಕ್ಕರು: "ನಿನ್ನೆ ಅದು ಕೂಗಲಿಲ್ಲ ನೋಡು, ನನ್ನ ಚಹಾದ ಹೊತ್ತೇ ತಪ್ಪಿಹೋಯಿತು."

ಈಗಲೂ ಅದು ಕೂಗುತ್ತದೆ. ಇಡುವ ಮೊದಲು ಹಿತ್ತಿಲನ್ನೊಮ್ಮೆ ನೋಡುತ್ತೇನೆ. ಕೂಗಿದ ಮೇಲೆ, ಗೋಡೆಯಾಚೆ ಚಹಾದ ಬಟ್ಟಲು ಸದ್ದು ಮಾಡುವುದನ್ನು ಕಾಯುತ್ತೇನೆ.