ತಾಳ ಕೈ ಬದಲಾಗುವ ಹೊತ್ತು

ಚಿಂತಾಮಣಿಯ ಹಳೇಪೇಟೆ ನೋಡಬೇಕು ಅಂತ ಈಚೆಗೆ ಕ್ಯಾಮೆರಾದವರು ಬರುತ್ತಾರೆ. ಕಲ್ಲುಚಪ್ಪಡಿ ಮನೆಗಳು ಎಲ್ಲಿ, ಕೆತ್ತನೆ ಬಾಗಿಲು ಎಲ್ಲಿ ಅಂತ ನನ್ನನ್ನೇ ಕೇಳುತ್ತಾರೆ. ಎಲ್ಲಿಂದ ತಂದು ತೋರಿಸಲಿ? ಮೋರಿ ಅಗಲ ಮಾಡುವಾಗ ಜಗಲಿಗಳು ಹೋದವು, ಬಾಗಿಲುಗಳ ಜಾಗಕ್ಕೆ ಶಟರ್ ಬಂದವು. ರೇಷ್ಮೆ ನೂಲು ಹುರಿ ಮಾಡುತ್ತಿದ್ದ ಮನೆಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಉಳಿದಿರುವುದು ಭಜನೆಮನೆ ಒಂದೇ. ಅದನ್ನು ನಡೆಸಿಕೊಂಡು ಬರುವುದರಲ್ಲಿ ನಮಗೂ ಸಾಕುಸಾಕಾಗಿದೆ, ಸುಳ್ಳು ಯಾಕೆ ಹೇಳಲಿ.

ವರ್ಷಕ್ಕೊಂದು ಸಲ ಅಲ್ಲಿ ಏಕಾಹ. ಒಂದು ಬೆಳಗ್ಗೆಯಿಂದ ಮಾರನೇ ಬೆಳಗ್ಗೆವರೆಗೂ ರಾಮನಾಮ ನಿಲ್ಲಬಾರದು. ಮನೆಗೊಂದು ಗಂಟೆ. ನಿಮ್ಮ ಗಂಟೆ ಮುಗಿಯಿತು ಅಂತ ಎದ್ದು ಹೋಗುವ ಹಾಗಿಲ್ಲ. ಮುಂದಿನವರು ಬಂದು ಪಕ್ಕದಲ್ಲಿ ಕೂತು, ನಿಮ್ಮ ದನಿಗೆ ದನಿ ಸೇರಿಸಿ, ನಿಮ್ಮ ಕೈಯಿಂದಲೇ ತಾಳ ತೆಗೆದುಕೊಳ್ಳಬೇಕು. ಅಲ್ಲಿಯವರೆಗೂ ಬಾಯಲ್ಲಿ ನಾಮ ಬಿಟ್ಟು ಬೇರೆ ಮಾತು ಬರಕೂಡದು. ಒಲೆ ಮೇಲೆ ಹಾಲು ಉಕ್ಕುತ್ತಿದೆ ಅಂತ ಯಾರೋ ಬಂದು ಕೂಗಿದರೂ ನಮ್ಮತ್ತೆ ತಾಳ ಬಿಟ್ಟಿರಲಿಲ್ಲ. ಹಾಡುವುದು ತೆಲುಗು ಧಾಟಿಯಲ್ಲಿ, ತಡವಾಗಿ ಬಂದವರನ್ನು ಬೈಯುವುದು ಕನ್ನಡದಲ್ಲಿ. ಎದುರಿನ ಹೂವಿನಂಗಡಿಯ ಉರ್ದು ಮಾತಾಡುವ ಮನೆಯವರಿಗೂ ಯಾವ ಗಂಟೆ ಯಾರದು ಅಂತ ಗೊತ್ತಿತ್ತು.

ನಮ್ಮ ಮನೆಗೆ ಮಧ್ಯಾಹ್ನ ಎರಡರ ಗಂಟೆ, ಉಂಡು ಕಣ್ಣೆಳೆಯುವ ಹೊತ್ತು. ಆಮೇಲಿನದು ಪಕ್ಕದ ಮನೆಯವರದು. ಆ ಮನೆಯವಳೂ ನಾನೂ ಒಂದೇ ವರ್ಷ ಈ ಬೀದಿಗೆ ಸೊಸೆಯಾಗಿ ಬಂದವರು. ಅವರ ಸೂರಿನ ನೀರು ನಮ್ಮ ಜಗಲಿಗೆ ಬೀಳುತ್ತೆ ಅಂತ ಗಂಡಸರಿಬ್ಬರೂ ಕಿತ್ತಾಡಿದರು, ನಾವು ಹೆಂಗಸರೂ ಮಾತು ಬಿಟ್ಟೆವು. ಕಿತ್ತಾಡಿದವರಿಬ್ಬರೂ ತೀರಿಕೊಂಡರು. ಜಗಲಿ ಹೋಯಿತು, ಆ ಸೂರೂ ಹೋಯಿತು, ಅವಳು ಬೈಪಾಸ್ ಆಚೆಯ ಲೇಔಟಿಗೆ ಹೋದಳು. ಮಾತು ಬಿಟ್ಟಿದ್ದು ಮಾತ್ರ ಹಾಗೇ ಉಳಿಯಿತು. ಆದರೂ ಏಕಾಹದ ದಿನ ಮೂರಕ್ಕೆ ಸರಿಯಾಗಿ ಬಂದುಬಿಡುತ್ತಿದ್ದಳು. ತಾಳ ತೆಗೆದುಕೊಳ್ಳುವಾಗ ಕೈಗೆ ಕೈ ತಾಗುತ್ತಿತ್ತು. ಅಷ್ಟಕ್ಕೇ ನಾನು ವರ್ಷವೆಲ್ಲ ಕಾಯುತ್ತಿದ್ದೆ.

ಈ ಸಲ ಮೂರಾಯಿತು, ಅವಳು ಬರಲಿಲ್ಲ. ಗಂಟಲು ಒಣಗಿತು, ಸೊಂಟ ಹಿಡಿದುಕೊಂಡಿತು. ಭಜನೆಮನೆ ನೋಡಿಕೊಳ್ಳುವವರು ಬಂದು, "ಬಿಡಮ್ಮ ಸಾಕು, ಪೆನ್‌ಡ್ರೈವ್ ಹಾಕ್ತೀನಿ. ರಾಮನಿಗೇನು ಗೊತ್ತಾಗುತ್ತೆ?" ಅಂದರು. ರಾಮನಿಗೆ ಗೊತ್ತಾಗದೆ ಇರಬಹುದಪ್ಪ. ಅವಳು ಬಂದಾಗ ನಾನಿಲ್ಲದಿದ್ದರೆ ಅವಳಿಗೆ ಗೊತ್ತಾಗುತ್ತಲ್ಲ. ಬೇಡ ಅಂತ ತಲೆಯಾಡಿಸಿ ಹಾಡುತ್ತಲೇ ಇದ್ದೆ.

ಮೂರೂವರೆ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತಿತು. ಕೋಲೂರಿಕೊಂಡು ಬಂದು ಉಸ್ಸಪ್ಪ ಅಂತ ಪಕ್ಕದಲ್ಲಿ ಕೂತಳು. ತಾಳಕ್ಕೆ ಕೈ ಚಾಚಿ, ನನ್ನ ಮುಖ ನೋಡದೆ ಅಂದಳು, "ಮುಂದಿನ ವರ್ಷ ನನ್ನ ಕೈಲಿ ಆಗಲ್ಲ ಕಣೇ."

ಇಷ್ಟು ವರ್ಷಕ್ಕೆ ಅದು ಮೊದಲ ಮಾತು. ತಾಳ ಮುಟ್ಟುವವರೆಗೂ ಬರುವವರಿಗೆ ಕಟ್ಟುಪಾಡಿಲ್ಲ, ಅವಳು ಮಾತಾಡಬಹುದು. ನನ್ನ ಬಾಯಲ್ಲಿ ನಾಮ, ಏನಂತ ಉತ್ತರ ಕೊಡಲಿ? ನಾನು ತಾಳ ಬಿಡುವಷ್ಟರಲ್ಲಿ ಅವಳು ಹಿಡಿದುಕೊಂಡಿದ್ದಳು, ಈಗ ನಾಮ ಅವಳ ಬಾಯಲ್ಲಿ. ಅವಳ ಸರದಿ ಮುಗಿಯಲಿ, ಹೇಳುತ್ತೇನೆ ಅಂತ ಅಲ್ಲೇ ಕೂತೆ. 'ಆಟೋ ನಾನು ಕಳಿಸ್ತೀನಿ ಬಾರೇ, ನೀನು ಬರದಿದ್ರೆ ತಾಳ ಯಾರ ಕೈಗೆ ಕೊಡಲಿ' ಅಂತ ಮನಸ್ಸಲ್ಲೇ ಜೋಡಿಸಿಕೊಂಡೆ. ಆದರೆ ನಾಲ್ಕು ದಾಟಿದರೂ ಅವಳ ನಂತರದ ಸರದಿಯ ಮನೆಯವರು ಬರಲಿಲ್ಲ. ಅವಳ ದನಿ ಒಡೆಯತೊಡಗಿತು. ನೋಡಲಾಗದೆ ನಾನೇ ದನಿ ಸೇರಿಸಿ ತಾಳ ತೆಗೆದುಕೊಂಡೆ. ಮತ್ತೆ ನನ್ನ ಬಾಯಿ ಕಟ್ಟಿತು. ಅವಳು ಎದ್ದು ಹೋಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬಳೆ ಅಂಗಡಿಯವರ ಮನೆಯಿಂದ ಇಬ್ಬರು ಬಂದು ನಮ್ಮನ್ನು ಬಿಡಿಸಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು, ಕೂರಲು ಬೀದಿಯಲ್ಲಿ ಜಗಲಿ ಎಲ್ಲಿದೆ ಈಗ? ಈಗ ಇಬ್ಬರ ಬಾಯಿಗೂ ಬಿಡುವಿತ್ತು. ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ ಕಾಣೆ, ಅಷ್ಟು ದಣಿದಿದ್ದೆ. ಒಡೆದ ಗಂಟಲಿಂದ ಬಂದದ್ದು ಇಷ್ಟೇ:

"ನನ್ನ ಕೈಲೂ ಆಗಲ್ಲ ಕಣೇ."

ಅವಳು ನನ್ನ ಕೈ ಹಿಡಿದುಕೊಂಡಳು. ಈ ಸಲ ಮಧ್ಯೆ ತಾಳ ಇರಲಿಲ್ಲ.